ಮ್ಯಾನ್ಯುಯೆಲ್ ಆರನ್ ಮತ್ತು ನನ್ನ ಚೆಸ್ ನೋಟ್‌ಬುಕ್

ಹರಿಹರದ ನಮ್ಮ ಮನೆಯ ಮುಂದೆ ಒಂದು ಕಲ್ಲಿನ ಕಟ್ಟೆ ಇದೆ. ನಮ್ಮ ದಾದಾ ಲೇತ್ ಕೆಲಸದಿಂದ ನಿವೃತ್ತರಾದ ಮೇಲೆ ದಿನಾ ಅಸರ್ ನಮಾಜ್ ಮುಗಿಸಿ ಬಂದು ಆ ಕಟ್ಟೆಯ ಮೇಲೆ ಶತರಂಜ್ ಹಾಸುತ್ತಿದ್ದರು. ನಾನು ಆಟ ಕಲಿತದ್ದು ಅಲ್ಲೇ, ಒಂದನೇ ತರಗತಿಯಲ್ಲಿ. ದಾದಾರ ಆಟದಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಬಾದಶಹನಿಗೆ ಇನ್ನೂ ಶಹ್ ಬಿದ್ದಿಲ್ಲವೆಂದರೆ ಅವನು ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದಿತ್ತು. ಕ್ಯಾಸಲಿಂಗ್ ಎಂಬ ಪದವನ್ನೇ ನಾನು ಕೇಳಿರಲಿಲ್ಲ.

ಎಂಟನೇ ತರಗತಿಯಲ್ಲಿ ಮೊದಲ ಸಲ ದಾವಣಗೆರೆಗೆ ಟೂರ್ನಮೆಂಟ್ ಆಡಲು ಬಂದೆ. ಎದುರಿಗೆ ನನಗಿಂತ ಎರಡು ವರ್ಷ ದೊಡ್ಡ ಹುಡುಗ. ಆರನೇ ನಡೆಯಲ್ಲೋ ಏಳನೇ ನಡೆಯಲ್ಲೋ ಅವನು ರಾಜನನ್ನು ಎರಡು ಮನೆ ಸರಿಸಿ, ಆನೆಯನ್ನು ಎತ್ತಿ ಪಕ್ಕಕ್ಕಿಟ್ಟ. ನಾನು ಕೈ ಎತ್ತಿ, 'ಸರ್, ಇವನು ಒಂದೇ ಸಲಕ್ಕೆ ಎರಡು ನಡೆ ಆಡ್ತಿದಾನೆ' ಎಂದು ಕೂಗಿದೆ. ಅಕ್ಕಪಕ್ಕದ ನಾಲ್ಕು ಬೋರ್ಡಿನವರು ನಕ್ಕರು. ಆಟ ಹೇಗೆ ಮುಗಿಯಿತೋ ನೆನಪಿಲ್ಲ, ಆ ನಗು ಮಾತ್ರ ನೆನಪಿದೆ.

ನಗದೆ ಕೂತಿದ್ದವನು ನನ್ನನ್ನು ಸೋಲಿಸಿದ ಅದೇ ಹುಡುಗ. ಊಟದ ವಿರಾಮದಲ್ಲಿ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತ. ಕ್ಯಾಸಲಿಂಗ್ ಯಾವಾಗ ಮಾಡಬಹುದು, ಯಾವಾಗ ಮಾಡಬಾರದು, ಎರಡು ಮನೆ ಹಾರಿ ಬಂದ ಪದಾತಿಯನ್ನು ಪಕ್ಕದ ಪದಾತಿ ಹೇಗೆ ಹೊಡೆಯಬಹುದು, ಎಲ್ಲವನ್ನೂ ತೋರಿಸಿದ. ಹೊರಡುವಾಗ ತನ್ನ ಬ್ಯಾಗಿನಿಂದ ಓಪನಿಂಗ್‌ಗಳ ಜೆರಾಕ್ಸ್ ಹಾಳೆಗಳನ್ನು ಕೊಟ್ಟ. ಅವನ ಹೆಸರು ಕೇಳುವುದೂ ನನಗೆ ಹೊಳೆಯಲಿಲ್ಲ. ಆಮೇಲೆ ಎಲ್ಲೂ ಸಿಗಲಿಲ್ಲ.

ಆ ಹಾಳೆಗಳಿಂದಲೇ ನನ್ನ ನೋಟ್‌ಬುಕ್ ಶುರುವಾಯಿತು. ನಾಲ್ಕು ವರ್ಷದಲ್ಲಿ ಇನ್ನೂರು ಪುಟ ತುಂಬಿತು. ಕಾಲೇಜಿಗೆ ಬಂದ ಮೇಲೆ ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಬಂತು. ಈ ವರ್ಷ ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಮುಂಚೆ ಪ್ರಥಮ ಪಿಯುಸಿಯ ಒಬ್ಬ ಹುಡುಗ ಬಂದು, 'ಭಾಯ್, ನಿಮ್ಮ ನೋಟ್‌ಬುಕ್ ಎರಡು ದಿನ ಕೊಡ್ತೀರಾ?' ಎಂದು ಕೇಳಿದ. ಅದು ನನ್ನ ಬ್ಯಾಗಿನಲ್ಲೇ ಇತ್ತು. 'ಮನೇಲಿ ಬಿಟ್ಟು ಬಂದಿದೀನಿ' ಎಂದೆ. ಅವನು ಚೆನ್ನಾಗಿ ಆಡುತ್ತಿದ್ದ. ತಂಡದಲ್ಲಿ ಮೊದಲ ಬೋರ್ಡು ನನ್ನದು, ಮುಂದಿನ ಸುತ್ತಿಗೆ ಆಯ್ಕೆಯೂ ನನಗೇ ಆಗಬೇಕು ಎಂಬ ಆಸೆ. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಟೂರ್ನಮೆಂಟ್ ಶುಕ್ರವಾರ ಬಂತು. ಅವನು ಎರಡನೇ ಸುತ್ತಿನಲ್ಲಿ ಸೋತ. ಬಿಳಿ ಕುದುರೆ ಜಿ5ಕ್ಕೆ ಬಂದು ಎಫ್7ರ ಮೇಲೆ ಕಣ್ಣಿಟ್ಟು ಕೂತಿತ್ತು. ಅವನು ಡಿ5ರಲ್ಲಿದ್ದ ಬಿಳಿ ಪದಾತಿಯನ್ನು ಕುದುರೆಯಿಂದ ಹೊಡೆದ. ಎದುರಾಳಿ ತನ್ನ ಕುದುರೆಯನ್ನು ಎಫ್7ರಲ್ಲಿ ಬಲಿ ಕೊಟ್ಟು ಇವನ ರಾಜನನ್ನು ನಡುಬೀದಿಗೆ ಎಳೆದು ತಂದ. ಅಲ್ಲಿ ಪದಾತಿಯ ಆಸೆ ಬಿಟ್ಟು, ಇನ್ನೊಂದು ಕುದುರೆಯನ್ನು ಎ5ಕ್ಕೆ ಒಯ್ದು ಬಿಳಿ ಒಂಟೆಯನ್ನು ಕೆಣಕಬೇಕು. ನನ್ನ ನೋಟ್‌ಬುಕ್ಕಿನ ಹನ್ನೊಂದನೇ ಪುಟದಲ್ಲಿ ಅದು ಕೆಂಪು ಶಾಯಿಯಲ್ಲಿದೆ. ಇಬ್ಬರೂ ಜೊತೆಯಲ್ಲೇ ಜುಮಾ ನಮಾಜಿಗೆ ನಡೆದುಕೊಂಡು ಹೋದೆವು. 'ಎಲ್ಲಿ ತಪ್ಪಾಯ್ತು ಭಾಯ್?' ಎಂದು ಕೇಳಿದ. 'ನೋಡೋಣ' ಎಂದೆ. ನಾನೂ ಆ ದಿನ ಆಯ್ಕೆಯಾಗಲಿಲ್ಲ ಎನ್ನುವುದು ಬೇರೆ ಮಾತು.

2024ರ ಡಿಸೆಂಬರ್‌ನಲ್ಲಿ ಗುಕೇಶ್ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ, ನೋಟಿಸ್ ಬೋರ್ಡಿಗೆ ಭಾರತದ ಚೆಸ್ ಬಗ್ಗೆ ಒಂದು ಚಾರ್ಟ್ ಮಾಡಲು ನಮ್ಮ ಸರ್ ನನಗೆ ಹೇಳಿದರು. ಗುಕೇಶ್ ಚೆನ್ನೈನವನು, ಪ್ರಜ್ಞಾನಂದ ಚೆನ್ನೈನವನು, ಆನಂದ್ ಚೆನ್ನೈನಲ್ಲಿ ಬೆಳೆದವರು. ಎಲ್ಲರೂ ಒಂದೇ ಊರಿನಿಂದ ಏಕೆ ಬಂದರು ಎಂದು ಹಿಂದೆ ಹಿಂದೆ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಮ್ಯಾನ್ಯುಯೆಲ್ ಆರನ್. ಚೆಸ್ ಆಡುವ ನನಗೇ ಆ ಹೆಸರು ಗೊತ್ತಿರಲಿಲ್ಲ.

ಆರನ್ ಹುಟ್ಟಿದ್ದು 1935ರ ಡಿಸೆಂಬರ್ 30ರಂದು, ಬರ್ಮಾದ ಟೌಂಗೂ ಎಂಬಲ್ಲಿ. ಬೆಳೆದದ್ದು ತಮಿಳುನಾಡಿನಲ್ಲಿ, ಬಿ.ಎಸ್ಸಿ. ಮಾಡಿದ್ದು ಅಲಹಾಬಾದಿನಲ್ಲಿ. 1959ರಿಂದ 1981ರವರೆಗೆ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್. 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಅರ್ಜುನ ಪ್ರಶಸ್ತಿ ಶುರುವಾದ ಆ ವರ್ಷವೇ ಚೆಸ್‌ಗೆ ಅದನ್ನು ಪಡೆದವರೂ ಅವರೇ. 1960ರ ಲೀಪ್‌ಜಿಗ್ ಒಲಿಂಪಿಯಾಡ್‌ನಲ್ಲಿ ಹಾಲೆಂಡಿನ ಮ್ಯಾಕ್ಸ್ ಯೂವೆಯನ್ನು ಸೋಲಿಸಿದರು. ಯೂವೆ ವಿಶ್ವ ಚಾಂಪಿಯನ್ ಪಟ್ಟಕ್ಕೆ ಏರಿದ್ದು 1935ರ ಡಿಸೆಂಬರ್‌ನಲ್ಲಿ, ಅಂದರೆ ಆರನ್ ಹುಟ್ಟಿದ ತಿಂಗಳಲ್ಲೇ!

ನನಗೆ ಹೆಚ್ಚು ಹಿಡಿಸಿದ್ದು 1962ರ ಸ್ಟಾಕ್‌ಹೋಮ್ ಇಂಟರ್‌ಜೋನಲ್. 23 ಆಟಗಾರರು. ಬಾಬಿ ಫಿಷರ್ ಮೊದಲ ಸ್ಥಾನ, ಆರನ್ ಕಟ್ಟಕಡೆಯ ಸ್ಥಾನ. ಆದರೆ ಕೊನೆಯವರಾಗಿಯೂ ಹಂಗೇರಿಯ ಪೋರ್ಟಿಶ್, ಪೂರ್ವ ಜರ್ಮನಿಯ ಉಲ್‌ಮನ್ ಎಂಬ ಘಟಾನುಘಟಿಗಳನ್ನು ಸೋಲಿಸಿ ಬಂದರು. ಅಂಥವರನ್ನು ಸೋಲಿಸುವ ಶಕ್ತಿ ಇತ್ತು. ಇಲ್ಲದೇ ಇದ್ದದ್ದು ಬೇರೆ. ರಷ್ಯಾದವರಿಗೆ ಪುಸ್ತಕ, ತರಬೇತುದಾರರು, ಜೊತೆಗೆ ಆಡಲು ಸಮಬಲದ ಗೆಳೆಯರು ಎಲ್ಲ ಇದ್ದರು. ನಮ್ಮ ದೇಶದಲ್ಲಿ ಆಗ ಬಹಳ ಜನ ಆಡುತ್ತಿದ್ದದ್ದು ನಮ್ಮ ದಾದಾರ ಆಟವನ್ನೇ. ಒಂದೊಂದು ಊರಿಗೆ ಒಂದೊಂದು ನಿಯಮ. ಎಲ್ಲರೂ ಅಂತಾರಾಷ್ಟ್ರೀಯ ನಿಯಮದಲ್ಲಿ ಆಡಿ, ಓಪನಿಂಗ್‌ಗಳನ್ನು ಪುಸ್ತಕ ನೋಡಿ ಓದಿ ಎಂದು ಊರೂರಲ್ಲಿ ಗುಂಪು ಕಟ್ಟಿ ಹೇಳಿದವರಲ್ಲಿ ಆರನ್ ಮುಖ್ಯರು. ಇದನ್ನು ಓದಿದಾಗ ನನ್ನ ಎಂಟನೇ ತರಗತಿಯ ಆ ದಿನ ಕಣ್ಣ ಮುಂದೆ ಬಂತು.

ಇದಕ್ಕೆ ಮೊದಲು ಮೀರ್ ಸುಲ್ತಾನ್ ಖಾನ್ ಇದ್ದರು. ಪಂಜಾಬಿನ ಹಳ್ಳಿಯವರು, ದೇಸಿ ನಿಯಮದಲ್ಲಿ ಆಡಿ ಬೆಳೆದವರು. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರು ಅವರನ್ನು ಲಂಡನ್ನಿಗೆ ಕರೆದುಕೊಂಡು ಹೋದರು. 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಕಾಪಾಬ್ಲಾಂಕಾನನ್ನೂ ಸೋಲಿಸಿದರು. ಆಮೇಲೆ ಜಮೀನ್ದಾರರ ಜೊತೆ ಊರಿಗೆ ವಾಪಸ್ಸು ಬಂದರು. ಅಲ್ಲಿಗೆ ಮುಗಿಯಿತು. 1966ರಲ್ಲಿ ತೀರಿಕೊಂಡರು. 2024ರಲ್ಲಿ ಫಿಡೆ ಅವರಿಗೆ ಗೌರವ ಗ್ರಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಅವರ ತಪ್ಪೇನೂ ಇಲ್ಲ. ಒಬ್ಬರ ಆಶ್ರಯದಲ್ಲಿದ್ದ ಮನುಷ್ಯ ಕ್ಲಬ್ ಕಟ್ಟುವುದು ಎಲ್ಲಿಂದ ಬಂತು? ಆದರೆ ಅವರಿಗೆ ಗೊತ್ತಿದ್ದದ್ದು ಹತ್ತು ಹುಡುಗರ ಕೈಗೆ ಸಿಕ್ಕಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ಆರನ್‌ಗೆ ಆ ಅವಕಾಶ ಸಿಕ್ಕಿತು, ಅವರು ಬಿಡಲಿಲ್ಲ. 1972ರಲ್ಲಿ ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಚೆಸ್ ಕ್ಲಬ್ ಶುರು ಮಾಡಿದರು. ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ಟಾಲ್ ಹೆಸರಿಟ್ಟರು. ತಾವು ಸ್ಟಾಕ್‌ಹೋಮ್‌ಗೆ ಹೋದಾಗ ಯಾವುದು ಇರಲಿಲ್ಲವೋ ಅದೆಲ್ಲ ಅಲ್ಲಿ ಹುಡುಗರಿಗೆ ಸಿಗುವಂತಾಯಿತು: ರಷ್ಯಾದ ಪುಸ್ತಕಗಳು, ಪತ್ರಿಕೆಗಳು, ಗಡಿಯಾರಗಳು, ಮುಖ್ಯವಾಗಿ ಎದುರಿಗೆ ಕೂರಲು ಒಳ್ಳೆಯ ಆಟಗಾರರು.

ಆಗ ಆರನ್‌ಗೆ ಇನ್ನೂ 36 ವರ್ಷ. ನಿವೃತ್ತರಾಗಿ ಕೂತು ಪಾಠ ಹೇಳುತ್ತಿದ್ದ ಹಿರಿಯರಲ್ಲ, ಚಾಂಪಿಯನ್ ಪಟ್ಟಕ್ಕೆ ಪ್ರತಿ ಸಲವೂ ಆಡುತ್ತಿದ್ದವರು. ಕ್ಲಬ್ಬಿನ ಬಾಗಿಲು ತೆರೆದರೆ ಒಳಗೆ ಬರುವ ಹುಡುಗರೇ ನಾಳೆ ಎದುರಾಳಿಗಳು. ಅವರಿಗೆ ಇದು ತಿಳಿಯದೆ ಇತ್ತೇ? ನಾನು ಒಬ್ಬ ಜೂನಿಯರ್‌ಗೆ ಹೆದರಿ ನೋಟ್‌ಬುಕ್ ಮುಚ್ಚಿಟ್ಟವನು, ಅದಕ್ಕೇ ಈ ಲೆಕ್ಕ ನನಗೆ ಬೇಗ ಹೊಳೆಯಿತು. 1978ರಲ್ಲಿ ತಮಿಳುನಾಡಿನವರೇ ಆದ ವಿ. ರವಿಕುಮಾರ್ ಭಾರತದ ಎರಡನೇ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಹದಿನೇಳು ವರ್ಷ ಆ ಪದವಿ ಇಡೀ ದೇಶದಲ್ಲಿ ಆರನ್ ಒಬ್ಬರಿಗೇ ಇತ್ತು.

ಟಾಲ್ ಕ್ಲಬ್ಬಿಗೆ ಬರುತ್ತಿದ್ದ ಹುಡುಗರಲ್ಲಿ 1969ರಲ್ಲಿ ಹುಟ್ಟಿದ ವಿಶ್ವನಾಥನ್ ಆನಂದ್ ಕೂಡ ಒಬ್ಬರು. ಅಲ್ಲಿ ಗಡಿಯಾರ ಇಟ್ಟು ಪಟಪಟನೆ ಆಡುತ್ತಿದ್ದರಂತೆ, ಸೋತವನು ಎದ್ದು ಸಾಲಿನ ಕೊನೆಗೆ ಹೋಗಬೇಕು. 1988ರಲ್ಲಿ ಆನಂದ್ ಭಾರತದ ಮೊದಲ ಗ್ರಾಂಡ್‌ಮಾಸ್ಟರ್. ಈಗ ಅವರು ಗುಕೇಶ್, ಪ್ರಜ್ಞಾನಂದರಂಥವರಿಗೆ ತಮ್ಮ ಅಕಾಡೆಮಿಯಲ್ಲಿ ಮಾರ್ಗದರ್ಶನ ಕೊಡುತ್ತಾರೆ. ದೇಶದ ಗ್ರಾಂಡ್‌ಮಾಸ್ಟರ್‌ಗಳ ಸಂಖ್ಯೆ 80 ದಾಟಿದೆ. ನಮ್ಮ ರಾಜ್ಯಕ್ಕೆ ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಮೊದಲ ಗ್ರಾಂಡ್‌ಮಾಸ್ಟರ್ ಆದರು, ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಸ್ಟ್ಯಾನಿ ಕೂಡ ಆ ಪಟ್ಟಿಯಲ್ಲಿದ್ದಾರೆ.

ಚಾರ್ಟಿನಲ್ಲಿ ಗುಕೇಶ್ ಫೋಟೋ ದೊಡ್ಡದಾಗಿ ಮಧ್ಯದಲ್ಲಿ ಬಂತು. ಆರನ್ ಅವರದ್ದು ಕೆಳಗೆ ಎಡಗಡೆ ಮೂಲೆಯಲ್ಲಿ, ಚಿಕ್ಕದು. ಅಂಟು ಹಚ್ಚುವಾಗ ಆ ಜೂನಿಯರ್ ಬಂದು ನಿಂತು, 'ಇವರ್ಯಾರು ಭಾಯ್?' ಎಂದ. ಹೇಳಿದೆ. ಎಲ್ಲ ಹೇಳಲಿಲ್ಲ, ಟಾಲ್ ಕ್ಲಬ್ಬಿನವರೆಗೆ ಹೇಳಿದೆ. ಆಮೇಲೆ ಬ್ಯಾಗ್ ತೆಗೆದು ನೋಟ್‌ಬುಕ್ ಕೊಟ್ಟೆ. 'ಅವತ್ತೂ ಬ್ಯಾಗಲ್ಲೇ ಇತ್ತು' ಎಂದೂ ಹೇಳಿದೆ, ಹೇಳದೆ ಕೊಡಲು ಮನಸ್ಸು ಒಪ್ಪಲಿಲ್ಲ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. 'ಗೊತ್ತಿತ್ತು ಭಾಯ್, ಜಿಪ್ ತೆಗೆದೇ ಇತ್ತು, ಕಾಣ್ತಿತ್ತು' ಎಂದ.

ದಾದಾಗೆ ಸಂಜೆ ಇದನ್ನು ಹೇಳಿದೆ. ಅವರು ಆರನ್ ಬಗ್ಗೆ ಕೇಳಿ ಖುಷಿಪಟ್ಟರು. ಆದರೆ ಬಾದಶಹನಿಗೆ ಕುದುರೆ ಹಾರಾಟ ತೆಗೆದುಹಾಕಿದ್ದು ಮಾತ್ರ ಸರಿಯಲ್ಲ ಎಂದು ಇವತ್ತಿಗೂ ವಾದ ಮಾಡುತ್ತಾರೆ.

ನೋಟ್‌ಬುಕ್ ನಾಲ್ಕು ದಿನದ ಮೇಲೆ ವಾಪಸ್ಸು ಬಂತು. ಹನ್ನೊಂದನೇ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆದಿತ್ತು: 'ಭಾಯ್, ಬಿಳಿ ಒಂಟೆ ಇ2ಕ್ಕೆ ವಾಪಸ್ ಹೋದ ಮೇಲೆ ಕಪ್ಪಿನ ಎಚ್6 ನಡೆ ಬರೆಯೋದು ಬಿಟ್ಟಿದೀರಿ.' ಪುಸ್ತಕ ತೆಗೆದು ನೋಡಿದೆ. ಹೌದು, ಬಿಟ್ಟಿದ್ದೆ.