ಯಾವಾಗ ಕಳಚಿಕೊಳ್ಳುತ್ತದೆ?

ಜ್ವರವೆಂದು ಹೋದವರನ್ನು ವೈದ್ಯರು ಮೊದಲು ಕೇಳುವುದು 'ಯಾವಾಗ ಬರುತ್ತೆ? ಬೆಳಿಗ್ಗೆಯೋ, ರಾತ್ರಿಯೋ?' ಎಂದು. ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸಿದ ಹಾರ್ಡ್ ಡಿಸ್ಕ್ ಇದ್ದಕ್ಕಿದ್ದಂತೆ ಪರದೆಯಿಂದ ಮಾಯವಾದಾಗ ಮಾತ್ರ ಈ ಪ್ರಶ್ನೆ ನಮಗೆ ಹೊಳೆಯುವುದಿಲ್ಲ. 'ಡಿಸ್ಕ್ ಕೆಟ್ಟಿತು' ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ನಮ್ಮ ಶಾಲೆ ದೇವರಾಯನದುರ್ಗದ ತಪ್ಪಲಿನಲ್ಲಿದೆ. ಶಿಂಷಾ, ಜಯಮಂಗಲಿ ನದಿಗಳು ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ನಾಮದ ಚಿಲುಮೆಯ ಸುತ್ತಮುತ್ತ ಕಂಡ ಗಿಡ, ಹಕ್ಕಿ, ಚಿಟ್ಟೆಗಳ ಚಿತ್ರ ತೆಗೆದು, ತಾರೀಖು ಸಮೇತ ನಮ್ಮ ಮಕ್ಕಳು ಆರು ವರ್ಷ ಒಂದು ಡಿಸ್ಕಿಗೆ ತುಂಬಿದ್ದರು. ಅದನ್ನು ಎರಡನೆಯ ಡಿಸ್ಕಿಗೆ ನಕಲು ಮಾಡಲು ಕುಳಿತ ದಿನವೇ ತೊಂದರೆ ಶುರುವಾಯಿತು. ಒಂದೊಂದೇ ಚಿತ್ರ ತೆರೆದರೆ ಎಲ್ಲ ಸರಿ. ದೊಡ್ಡ ಫೋಲ್ಡರ್ ನಕಲಿಗೆ ಹಾಕಿದ ಎರಡು ನಿಮಿಷಕ್ಕೆ ಡಿಸ್ಕ್ ನಾಪತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಪ್ರತ್ಯಕ್ಷ. ಮೂರನೇ ಸಲ ಪರದೆಯ ಮೇಲೆ 'ಫಾರ್ಮ್ಯಾಟ್ ಮಾಡಬೇಕೆ?' ಎಂಬ ಪ್ರಶ್ನೆ ಬಂತು.

ಹತ್ತನೇ ತರಗತಿಯ ಹುಡುಗಿಯೊಬ್ಬಳು, 'ಸಾರ್, ಆರು ವರ್ಷದ್ದೂ ಹೋಯ್ತಾ?' ಎಂದಳು. 'ಮೊದಲು ಬೇಡ ಅಂತ ಒತ್ತಮ್ಮ. ಆಮೇಲೆ ನೋಟ್‌ಬುಕ್ ತೆಗಿ' ಎಂದೆ.

ಪೋಷಕರು ಇದೊಂದನ್ನು ಗಮನದಲ್ಲಿಡಬೇಕು. ಆ ಪ್ರಶ್ನೆಗೆ ಹೌದೆಂದರೆ ಡಿಸ್ಕ್ ತನ್ನೊಳಗಿನ ಕಡತಗಳ ವಿಳಾಸಪಟ್ಟಿಯನ್ನೇ ಹೊಸದಾಗಿ ಬರೆದುಕೊಳ್ಳುತ್ತದೆ. ಸಂಪರ್ಕ ತಪ್ಪಿದ್ದಕ್ಕೆ ಅದು ಮದ್ದಲ್ಲ.

ಹುಡುಗಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತ ಬರೆದುಕೊಂಡಳು. ಎರಡೂ ಡಿಸ್ಕ್‌ಗಳು ಉದ್ದನೆಯ ತೆಳು ಕೇಬಲ್ಲುಗಳಿಂದ ಕಂಪ್ಯೂಟರಿನ ಮುಂದಿನ ಕಿಂಡಿಗಳಿಗೆ ಜೋಡಣೆಯಾಗಿದ್ದವು. ಗಿಡ್ಡ ಕೇಬಲ್ ಹಾಕಿದಾಗ ಕಳಚುವುದು ತಡವಾಯಿತು. ಮದರ್‌ಬೋರ್ಡಿಗೇ ಅಂಟಿಕೊಂಡಿರುವ ಹಿಂದಿನ ಕಿಂಡಿಗೂ ಬದಲಿಸಿದಾಗ ಕಳಚಲೇ ಇಲ್ಲ. ಮುಂದಿನ ಕಿಂಡಿಗೆ ಕ್ಯಾಬಿನೆಟ್ಟಿನೊಳಗೆ ಇನ್ನೊಂದು ತಂತಿ ಹಾದುಬರುತ್ತದೆ ನೋಡಿ, ಅಲ್ಲೂ ಒಂದಿಷ್ಟು ನಷ್ಟ.

ತೋಟದ ಪಂಪ್‌ಸೆಟ್ ಚಾಲೂ ಮಾಡಿದ ಕ್ಷಣ ಮನೆಯ ದೀಪ ಮಂಕಾಗುವುದನ್ನು ನಮ್ಮ ಕಡೆಯ ಮಕ್ಕಳೆಲ್ಲ ಕಂಡಿದ್ದಾರೆ. ಡಿಸ್ಕಿನೊಳಗೂ ಒಂದು ಪುಟ್ಟ ಮೋಟಾರ್ ತಿರುಗುತ್ತದೆ. ಯುಎಸ್‌ಬಿ ಕಿಂಡಿ ಕೊಡುವುದು 5 ವೋಲ್ಟ್. ಹಳೆಯ 2.0 ಬಗೆಯದಕ್ಕೆ ನಿಗದಿಯಾದ ಪ್ರವಾಹ 500 ಮಿಲಿಆಂಪಿಯರ್, 3.0ಕ್ಕೆ 900. ಹೋಗಿ ಬರುವ ತಂತಿಗಳ ರೋಧ ಸೇರಿ ಅರ್ಧ ಓಮ್ ಇದೆಯೆನ್ನಿ. 0.9 ಆಂಪಿಯರ್ ಹರಿದಾಗ ಓಮ್‌ನ ನಿಯಮದಂತೆ 0.45 ವೋಲ್ಟ್ ದಾರಿಯಲ್ಲೇ ಖರ್ಚು. ಡಿಸ್ಕಿಗೆ ಮುಟ್ಟುವುದು 4.55 ಮಾತ್ರ. ದುಡಿಮೆ ಹೆಚ್ಚಿದ ಹೊತ್ತಿಗೇ ಊಟ ಕಡಿಮೆಯಾದರೆ ಅದು ಕೈಚೆಲ್ಲದೆ ಇನ್ನೇನು ಮಾಡೀತು? ಪರೀಕ್ಷೆಗೆಂದು ಉರುಹೊಡೆಯುವ ಆ ನಿಯಮ ಮೇಜಿನ ಮೇಲೆಯೇ ಕುಳಿತಿತ್ತು!

ಎಲ್ಲ ಡಿಸ್ಕ್‌ಗಳ ಕಾಯಿಲೆಯೂ ಇದೇ ಅಲ್ಲ. ಸುಮ್ಮನೆ ಬಿಟ್ಟಾಗ ಕಳಚುತ್ತದೆಯೇ? ಆಗ ಅನುಮಾನ ವಿದ್ಯುತ್ ಉಳಿಸುವ ಏರ್ಪಾಟಿನ ಮೇಲೆ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿರುವ, ಅದನ್ನು ಆರಿಸಲು ಅನುಮತಿ ಕೊಡುವ ಗುರುತನ್ನು ತೆಗೆಯಬೇಕು. ಕೇಬಲ್ ಅಲುಗಿದರೆ ಕಳಚುತ್ತದೆಯೇ? ಸಂಪರ್ಕದ ತುದಿ ಸವೆದಿದೆ. ಹೊಸ ಕೇಬಲ್ ತನ್ನಿ. ಯಾವ ಕಂಪ್ಯೂಟರಿನಲ್ಲೂ ನಿಲ್ಲದೆ, 'ಟಕ್ ಟಕ್' ಎಂದು ಸದ್ದು ಮಾಡುತ್ತಿದ್ದರೆ ಡಿಸ್ಕೇ ಸೋಲುತ್ತಿರಬಹುದು. ಮತ್ತೆ ಮತ್ತೆ ಚಾಲೂ ಮಾಡಿ ನೋಡುವುದು, ರಿಪೇರಿ ಪ್ರೋಗ್ರಾಮ್ ಓಡಿಸುವುದು ಬೇಡ. ಓದಲು ಬಂದಷ್ಟನ್ನು ನಕಲು ಮಾಡಿಕೊಂಡು, ಮುಖ್ಯ ಕಡತ ಉಳಿದಿದ್ದರೆ ಬಲ್ಲವರ ಕೈಗೆ ಕೊಡಿ. ದೊಡ್ಡ ಗಾತ್ರದ, 3.5 ಇಂಚಿನ ಡಿಸ್ಕಾದರೆ ಅದಕ್ಕೆ ಬೇರೆಯೇ ಅಡಾಪ್ಟರ್ ಇರುತ್ತದೆ. ಮೊದಲು ಅದರ ಪ್ಲಗ್ಗನ್ನು ನೋಡಿ.

ಅಂದು ಸಂಜೆ ನಕಲು ಮುಗಿದ ಮೇಲೂ ಹುಡುಗಿ ಏಳಲಿಲ್ಲ. 'ಸಾರ್, 5 ವೋಲ್ಟ್ ಬದಲು ಜಾಸ್ತಿ ವೋಲ್ಟೇ ಕಳಿಸಿದ್ರೆ ದಾರಿಯಲ್ಲಿ ನಷ್ಟ ಕಡಿಮೆ ಆಗಲ್ವಾ?' ಎಂದು ಕೇಳಿದಳು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಅಷ್ಟು ದೂರ ಒಯ್ದವರು ಮಾಡಿದ್ದೂ ಅದನ್ನೇ ಎಂದೆ. ಕಪ್ಪುಹಲಗೆ ಒರೆಸಿ ಲೆಕ್ಕ ಹಾಕಲು ನಿಂತೆವು. ಕೊನೆಯ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.