ತಬ್ಬಲಿ ಮಗುವಿನ ರೋಗವೃತ್ತಾಂತ



ಕಾಯಿಲೆಯ ಮಗುವನ್ನೆತ್ತಿಕೊಂಡು ತಾಯಿ ಬಂದರೆ ವೈದ್ಯನ ಅರ್ಧ ಕೆಲಸ ಆಕೆಯ ಮಾತಿನಲ್ಲೇ ಮುಗಿಯುತ್ತದೆ. ಹೆರಿಗೆ ಎಷ್ಟು ತಿಂಗಳಿಗಾಯಿತು, ಮಗು ಹುಟ್ಟಿದೊಡನೆ ಅತ್ತಿತೇ, ಕತ್ತು ನಿಂತದ್ದೆಂದು, ಮೊದಲ ಸೆಳವು ಬಂದದ್ದೆಂದು, ಎಲ್ಲವೂ ಅವಳಿಗೆ ಬಾಯಿಪಾಠ. ಅನಾಥಾಲಯದ ಮಗುವಿನೊಡನೆ ಈ ವೃತ್ತಾಂತ ಹೇಳುವವರಾರೂ ಬರುವುದಿಲ್ಲ. ಅಂದು ಬಿಡುವಾಗಿದ್ದ ಆಯಾ ಒಬ್ಬಳು ಕರೆತಂದಿರುತ್ತಾಳೆ. ಕಳೆದ ಬಾರಿ ಬಂದಾಕೆ ಬೇರೆ. ಮಗುವೋ ಮಾತನಾಡಲಾರದು. ಮಕ್ಕಳ ವೈದ್ಯನಾಗಿ ನಾನು ಕಂಡ ಕೊರತೆಗಳಲ್ಲಿ ಇದೇ ದೊಡ್ಡದು. ಔಷಧ, ಹಣಗಳ ಕೊರತೆ ಇದರ ನಂತರದ್ದು.

ಒಂದು ನಿದರ್ಶನವನ್ನು ತಮ್ಮ ಮುಂದಿಡುತ್ತೇನೆ. ಮೂರ್ಛೆರೋಗದ ಹುಡುಗನೊಬ್ಬನನ್ನು ಒಂದು ಸಂಸ್ಥೆಯಿಂದ ಮತ್ತೊಂದಕ್ಕೆ ವರ್ಗಾಯಿಸಿದರು. ಬಟ್ಟೆಯ ಗಂಟು ಬಂದಿತು, ಮೊಹರೊತ್ತಿದ ಕಾಗದಗಳೂ ಬಂದವು. ಅವನು ದಿನಕ್ಕೆರಡು ಬಾರಿ ನುಂಗುತ್ತಿದ್ದ ಮಾತ್ರೆಯ ಹೆಸರು ಮಾತ್ರ ಬರಲಿಲ್ಲ. ಇಂಥ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಸೆಳವು ಮೊದಲಿಗಿಂತ ಉಗ್ರವಾಗಿ ಮರಳಬಹುದು. ನಾಲ್ಕನೆಯ ದಿನ ಹಾಗೆಯೇ ಆಯಿತು. ಹುಡುಗ ಬದುಕಿಕೊಂಡ, ಆದರೆ ಗೋಡೆ ಹಿಡಿದು ನಡೆಯುತ್ತಿದ್ದವನು ತಿಂಗಳುಗಟ್ಟಲೆ ಹಾಸಿಗೆ ಹಿಡಿದ.

ಪ್ರತಿ ಮಗುವಿಗೂ ಒಂದು ಪುಸ್ತಕವಿರಬೇಕು. ಆ ಮಗುವನ್ನು ಬಲ್ಲವರೊಬ್ಬರು ಅದನ್ನು ಬರೆಯಬೇಕು. ಬಾಲನ್ಯಾಯದ 2016ರ ಮಾದರಿ ನಿಯಮಗಳು ತಿಂಗಳಿಗೊಮ್ಮೆ ಪರೀಕ್ಷಿಸಿ ದಾಖಲೆಯಿಡಬೇಕೆಂದು ವಿಧಿಸಿವೆ. ಆದರೆ ತೂಕ, ಎತ್ತರ ಬರೆದು ಸಹಿ ಹಾಕಿದರೆ ಸಾಲದು. ನೋವಾದಾಗ ಈ ಮಗು ಅದನ್ನು ಹೇಗೆ ತಿಳಿಸುತ್ತದೆಂಬುದನ್ನು ಬರೆಯಬೇಕು. ಒಂದು ಮಗು ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತದೆ, ಇನ್ನೊಂದು ಅನ್ನ ಬಿಟ್ಟು ಗೋಡೆಗೆ ಮುಖಮಾಡಿ ಕೂರುತ್ತದೆ. ಹಲ್ಲು ಹುಳುಕಾಗಿಯೋ, ಕಿವಿ ಸೋರಿಯೋ, ಮಲಬದ್ಧತೆಯಿಂದಲೋ ನರಳುವ ಮಗುವನ್ನು ಹಟಮಾರಿಯೆಂದು ಗದರಿಸುವುದು ಅಪರೂಪವಲ್ಲ. ಕಿವಿ ಕೇಳದ ಮಗುವಿಗೆ ಬುದ್ಧಿಮಾಂದ್ಯವೆಂದು ಹೆಸರಿಟ್ಟು ಕಲಿಯುವ ವರ್ಷಗಳನ್ನೇ ಕಳೆದುಬಿಡುವುದೂ ಉಂಟು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲಿಯೇ ಇದೆ. ಕರೆದುಕೊಂಡು ಹೋಗುವವರು ಬೇಕು.

ಇನ್ನು ಅನ್ನದ ಮಾತು. ದಾಸೋಹದ ಪ್ರಸಾದವುಂಡು ಓದಿದ ತಮ್ಮೊಡನೆ ಇದನ್ನು ಆಡಲೇಬೇಕು. ಹುಟ್ಟುಹಬ್ಬ, ಪುಣ್ಯತಿಥಿಗಳಂದು ಅನಾಥಾಲಯಕ್ಕೆ ಸಿಹಿಯೂಟ ಕೊಡುವ ಪದ್ಧತಿ ನಮ್ಮಲ್ಲಿ ಬಹಳ. ಕೊಡಲಿ, ಒಳ್ಳೆಯದೇ. ಆದರೆ ಸೆರೆಬ್ರಲ್ ಪಾಲ್ಸಿಯಿಂದ ಅಗಿಯಲು, ನುಂಗಲು ಕಷ್ಟಪಡುವ ಮಗುವಿಗೆ ಬೂಂದಿ ಲಾಡು ಗಂಟಲಿನ ಗಂಡಾಂತರ. (ಫೋಟೋ ತೆಗೆಸಿಕೊಳ್ಳುವ ಅವಸರದಲ್ಲಿ ತುತ್ತಿಡುವವರು ದಯವಿಟ್ಟು ಕೇಳಿಕೊಳ್ಳಬೇಕು.) ಮಲಗಿಸಿ ಗಂಜಿ ಹೊಯ್ದರೆ ಅದು ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ತಲೆ ಹಿಂದಕ್ಕೆ ವಾಲದಂತೆ ಹಿಡಿದು, ಮೆತ್ತಗೆ ಕಲಸಿದ ಅನ್ನವನ್ನು ಚಿಕ್ಕ ಚಮಚೆಯಲ್ಲಿ ಕೊಟ್ಟು, ಉಂಡಾದ ಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಇಪ್ಪತ್ತು ಮಕ್ಕಳಿಗೆ ಇಬ್ಬರೇ ಆಯಾಗಳಿರುವೆಡೆ ಇದು ಹೇಗೆ ಸಾಧ್ಯ? ಇನ್ನೊಬ್ಬ ಆಯಾಳ ವರ್ಷದ ಸಂಬಳವನ್ನು ಹೊರುವ ಭಕ್ತರು ನೂರು ಸಿಹಿಯೂಟಗಳಿಗಿಂತ ಮಿಗಿಲಾದುದನ್ನು ಕೊಟ್ಟಂತೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ, ಅನಾಥ ಮಕ್ಕಳಿಗೆ ಅನ್ನವಿಕ್ಕಿ ನಿಲ್ಲಲಿಲ್ಲ. ಜೊತೆಗೆ ಕುಳಿತು ಸಂಗೀತ ಕಲಿಸಿದರು.

ಸರ್ಕಾರದ ನೆರವೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಏರ್ಪಾಡಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯವುಳ್ಳವರಿಗೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ವಿಮೆಯಿದೆ. ಅರ್ಜಿ ಬರೆಯಲು, ಪ್ರಮಾಣಪತ್ರಕ್ಕಾಗಿ ಓಡಾಡಲು ಒಬ್ಬರು ಬೇಕು. ನಿವೃತ್ತ ಗುಮಾಸ್ತರು, ಉಪಾಧ್ಯಾಯರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು.

ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರು, ದಾದಿಯರು, ಫಿಸಿಯೋಥೆರಪಿ ಬಲ್ಲವರು ಎಷ್ಟೋ ಮಂದಿ. ತಮ್ಮೂರಿನ ಒಂದು ಬಾಲಗೃಹವನ್ನು ಆರಿಸಿಕೊಳ್ಳಿರಿ. ತಿಂಗಳಿಗೊಂದು ದಿನ, ಅದೇ ವಾರ, ಅದೇ ಹೊತ್ತು, ಅವವೇ ಮಕ್ಕಳನ್ನು ನೋಡಿರಿ; ಕಂಡುದನ್ನು ಆಯಾ ಓದಬಲ್ಲ ಕನ್ನಡದಲ್ಲಿ ಪುಸ್ತಕಕ್ಕೇರಿಸಿರಿ. 18 ತುಂಬಿ ಆ ಮಗು ಬಾಲಗೃಹವನ್ನು ಬಿಡುವ ದಿನ, ಆ ಪುಸ್ತಕವೂ ಒಂದು ತಿಂಗಳಿಗಾಗುವಷ್ಟು ಮಾತ್ರೆಯೂ ಅದರ ಗಂಟಿನಲ್ಲಿರಲಿ.