ಮೋತಿಯೊಡನೆ ಆಗುಂಬೆ ಇಳಿದೆವು

ಶಿವಮೊಗ್ಗದಿಂದ ಉಡುಪಿಗೆ ಕಾರಿನಲ್ಲಿ ಹೊರಟಾಗ, ಮೋತಿಯನ್ನೂ ಕರೆದೊಯ್ಯಬೇಕೆಂದು ಮಕ್ಕಳು ಹಟ ಹಿಡಿದರು. ಘಟ್ಟದಲ್ಲಿ ಹೊಟ್ಟೆ ತೊಳಸೀತೆಂದು ಅದಕ್ಕೆ 3 ಗಂಟೆ ಮೊದಲೇ ಮಿತವಾಗಿ ಉಣಿಸಿ, ಎದೆಪಟ್ಟಿ ತೊಡಿಸಿ ಹಿಂದಿನ ಆಸನಕ್ಕೆ ಬಿಗಿದೆವು. ಆಗುಂಬೆಯ 14 ತಿರುವುಗಳನ್ನೂ ಅದು ಸದ್ದಿಲ್ಲದೆ ಕಳೆಯಿತು.

ಹೆಬ್ರಿಯಲ್ಲಿ ಕಾಫಿಗೆಂದು ನಿಂತೆವು. ಘಟ್ಟದ ತಂಪು ಇನ್ನೂ ನಮ್ಮ ಮೈಯಲ್ಲಿತ್ತು. ಕೆಳಗಿರುವುದು ಮೇ ತಿಂಗಳ ಧಗೆಯೆಂಬುದು ಮರೆತೇಹೋಯಿತು. ಕಿಟಕಿಯನ್ನು ಎರಡು ಬೆರಳಷ್ಟು ತೆರೆದು ಮೋತಿಯನ್ನು ಒಳಗೇ ಬಿಟ್ಟೆವು. ಹತ್ತೇ ನಿಮಿಷ! ಮರಳಿದಾಗ ಅದು ಏದುಸಿರು ಬಿಡುತ್ತ, ಜೊಲ್ಲು ಸುರಿಸುತ್ತ ಕುಸಿದು ಬಿದ್ದಿತ್ತು.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಮೈಬಿಸಿಯನ್ನು ಕಳೆಯಬೇಕು. ಒಳಗಿನ ಗಾಳಿಯೇ ಕಾದಿದ್ದರೆ ಏದಿ ಫಲವೇನು? ನೆರಳಿಗೆ ಎತ್ತಿತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ಪಶುವೈದ್ಯರಲ್ಲಿಗೆ ಧಾವಿಸಿದೆವು. ಮೋತಿ ಬದುಕಿತು.

ವಾಚಕರೇ, ಎದೆಪಟ್ಟಿ, ಕುಡಿಯುವ ನೀರು, ಎರಡು ಗಂಟೆಗೊಮ್ಮೆ ತುಸು ನಡಿಗೆ, ಇವೆಲ್ಲ ಅವಶ್ಯವೇ. ಆದರೆ ನಿಂತ ಕಾರಿನಲ್ಲಿ ನಾಯಿಯನ್ನು ಒಂಟಿಯಾಗಿ ಬಿಡದಿರಿ. ಅಂದಿನಿಂದ ಪ್ರಯಾಣದಲ್ಲಿ ನಮ್ಮಲ್ಲೊಬ್ಬರ ಕಾಫಿ ಮರದ ನೆರಳಿಗೇ ಬರುತ್ತದೆ. ಪಕ್ಕದಲ್ಲಿ ಮೋತಿ ಕುಳಿತಿರುತ್ತದೆ.